ಇಳಿಜಾರಿನ ಹಿತ್ತಿಲಿಗೆ ಮೆಟ್ಟಿಲು: ಒಂದೇ ಎತ್ತರದ ಗೋಡೆ ಸಾಕೇ, ಹಂತಗಳು ಬೇಕೇ?

ಮೂಡಿಗೆರೆ ಹಿತ್ತಿಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯ ಹತ್ತಿರದ ನಮ್ಮ ಹಳೆಯ ಮನೆಯ ಹಿತ್ತಿಲು ಅಡುಗೆಮನೆಯ ಹಿಂಬಾಗಿಲಿನಿಂದಲೇ ಇಳಿಯತೊಡಗಿ, 40 ಅಡಿ ದೂರದಲ್ಲಿರುವ ಬಾವಿಕಟ್ಟೆಯವರೆಗೆ ಎಲ್ಲಿಯೂ ಸಮತಟ್ಟಾಗದೆ ಸಾಗುತ್ತದೆ. ಅಗಲ 30 ಅಡಿ. ಕಣ್ಣಂದಾಜಿನಲ್ಲಿ 11-12 ಅಡಿಯಷ್ಟು ತಗ್ಗು ಇರಬಹುದು. ತಂದೆಯವರು ಮಣ್ಣಿನಲ್ಲಿಯೇ ಮೆಟ್ಟಿಲು ಕಡಿಸಿ, ಅಂಚಿಗೆ ಅಡಿಕೆ ದಬ್ಬೆ ಕೊಟ್ಟು ಗೂಟ ಹೊಡೆಸಿದ್ದರು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅವನ್ನು ಹೊಸದಾಗಿ ಕಡಿಯುವುದು ಮನೆಯ ಕೆಲಸಗಳಲ್ಲಿ ಒಂದಾಗಿತ್ತು. ಈಗ ಕಡಿಯುವವರಿಲ್ಲ, ದಬ್ಬೆಗಳು ಕೊಳೆತುಹೋಗಿವೆ. ಕಳೆದ ಶ್ರಾವಣದಲ್ಲಿ ತಾಯಿಯವರು ಪೂಜೆಗೆ ಹೂ ಕೊಯ್ಯಲು ಇಳಿದವರು ಜಾರಿ ಬಿದ್ದರು. ಮೂಳೆಗೆ ಪೆಟ್ಟಾಗಲಿಲ್ಲವಾದರೂ ಅಂದಿನಿಂದ ಅವರು ಹಿತ್ತಿಲಿಗೆ ಇಳಿಯುವುದನ್ನೇ ಬಿಟ್ಟಿದ್ದಾರೆ. ವಯಸ್ಸು 68, ಮಂಡಿನೋವಿದೆ.

ಬಾವಿಯ ಸಮೀಪ ಒಂದೇ ದೊಡ್ಡ ಗೋಡೆ ಎಬ್ಬಿಸಿ, ಹಿಂದೆ ಮಣ್ಣು ತುಂಬಿಸಿ, ಇಡೀ ಹಿತ್ತಿಲನ್ನು ಬಾಗಿಲಿನ ಮಟ್ಟಕ್ಕೆ ತಂದುಬಿಡಬಹುದೆಂದೂ, ಕೊನೆಯಲ್ಲಿ ಬಾವಿಗಿಳಿಯಲು ಸಿಮೆಂಟಿನ ಒಂದು ಸಾಲು ಮೆಟ್ಟಿಲು ಸಾಕೆಂದೂ ಇಲ್ಲಿಯ ಮೇಸ್ತ್ರಿಯೊಬ್ಬರು ಹೇಳುತ್ತಿದ್ದಾರೆ. ನೋಡಲು ಅಚ್ಚುಕಟ್ಟಾದ ಉಪಾಯವೇ. ಆದರೆ ನಮ್ಮ ಕಡೆಯ ಮಳೆಯನ್ನು ನೆನೆದರೆ ಧೈರ್ಯ ಬರುತ್ತಿಲ್ಲ. ಒಂದೇ ಗೋಡೆ ಮಾಡಿಸುವುದೋ, ಹಂತಹಂತವಾಗಿ ಬಿಡಿಸುವುದೋ? ಮಂಡಿನೋವಿರುವವರಿಗೆ ಮೆಟ್ಟಿಲಿನ ಎತ್ತರ ಎಷ್ಟಿರಬೇಕು? ಗೊಬ್ಬರವನ್ನು ಕೈಗಾಡಿಯಲ್ಲಿ ಇಳಿಸುವಂತೆ ಮೆಟ್ಟಿಲಿನ ಬದಲು ಇಳಿಜಾರು ದಾರಿಯನ್ನೇ ಮಾಡಿಸಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಹಾಸನದ ನಿವೃತ್ತ ಇಂಜಿನಿಯರ್

ಮಾನ್ಯರೇ, ಉತ್ತರ ಹೇಳುವ ಮೊದಲು ಒಂದು ವಿನಂತಿ: ಕಣ್ಣಂದಾಜನ್ನು ಬಿಟ್ಟುಬಿಡಿ. ಮೇಲೆ ನಿಂತು ಕೆಳಗೆ ನೋಡುವವರಿಗೆ ಇಳಿಜಾರು ಇದ್ದದ್ದಕ್ಕಿಂತ ಕಡಿದಾಗಿ ಕಾಣುವುದೇ ಹೆಚ್ಚು. ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು 60 ಅಡಿಯಷ್ಟಿದ್ದರೆ ಸಾಕು. ಅದಕ್ಕೆ ಗುಳ್ಳೆಯಿಲ್ಲದಂತೆ ನೀರು ತುಂಬಿಸಿ, ಒಂದು ತುದಿಯನ್ನು ಹಿಂಬಾಗಿಲ ಹೊಸ್ತಿಲ ಮಟ್ಟಕ್ಕೆ ಹಿಡಿದು, ಇನ್ನೊಂದು ತುದಿಯನ್ನು 10 ಅಡಿಗೊಂದರಂತೆ ನೆಟ್ಟ ಗೂಟಗಳಿಗೆ ಒಯ್ದು, ನೀರು ನಿಂತಲ್ಲಿ ಗುರುತು ಮಾಡಿಕೊಂಡರೆ ಪ್ರತಿಯೊಂದು ಗೂಟದಲ್ಲಿಯೂ ಗುರುತಿನಿಂದ ನೆಲದವರೆಗಿನ ಅಳತೆಯೇ ಅಲ್ಲಿಯ ತಗ್ಗು. ಕೆಳಗಿನ ಗೂಟ ಅಷ್ಟು ಉದ್ದವಿರುವುದಿಲ್ಲವಾದ್ದರಿಂದ ಮಧ್ಯದಲ್ಲೊಮ್ಮೆ ಮಟ್ಟವನ್ನು ಇಳಿಸಿಕೊಂಡು ಎರಡು ಅಳತೆಗಳನ್ನು ಕೂಡಿಸಬೇಕಾಗುತ್ತದೆ. ಅರ್ಧ ದಿನದ ಕೆಲಸ.

ಒಂದೇ ಗೋಡೆಯ ವಿಚಾರದಲ್ಲಿ ಮಾತ್ರ ಅಳತೆಗೆ ಕಾಯದೆ ಹೇಳಬಲ್ಲೆ: ಅದನ್ನು ಮಾಡಿಸಬೇಡಿ. ತಡೆಗೋಡೆಯ ಹಿಂದಿನ ಮಣ್ಣಿನ ತಳ್ಳಾಟ ಗೋಡೆಯ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎತ್ತರ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು, ಗೋಡೆಯನ್ನು ಬುಡದಿಂದ ಮಗುಚಿಹಾಕುವ ಪ್ರಭಾವ ಎಂಟು ಪಟ್ಟು. ಇದು ಮಣ್ಣು ಒಣಗಿರುವಾಗಿನ ಮಾತು. ಹಿಂದೆ ನೀರು ನಿಂತಿತೆಂದರೆ ಒದ್ದೆ ಮಣ್ಣಿನ ಭಾರದ ಮೇಲೆ ನೀರಿನ ಒತ್ತಡವೂ ಸೇರಿಕೊಳ್ಳುತ್ತದೆ. 4 ಅಡಿ ಮೀರಿದ ಯಾವ ತಡೆಗೋಡೆಯನ್ನೂ ಲೆಕ್ಕ ಹಾಕಿಸದೆ ಕಟ್ಟಿಸಬಾರದೆಂಬುದು ನಾನು ಕೆಲಸದಲ್ಲಿದ್ದಾಗ ಪಾಲಿಸುತ್ತಿದ್ದ ನಿಯಮ. 10 ಅಡಿಯದಂತೂ ಕಬ್ಬಿಣ ಹಾಕಿದ ಕಾಂಕ್ರೀಟಿನ ಗೋಡೆಯೇ ಆಗಬೇಕು. ಅದರ ಖರ್ಚಿನಲ್ಲಿ ಮೂರು ಕಿರುಗೋಡೆಗಳನ್ನು ಕಲ್ಲಿನಲ್ಲಿ ನೆಮ್ಮದಿಯಾಗಿ ಕಟ್ಟಿಸಿಕೊಳ್ಳಬಹುದು.

ಇಳಿಜಾರು ದಾರಿಯ ಬಗ್ಗೆ: ಗಾಲಿಕುರ್ಚಿಗೆ ಒಪ್ಪುವ ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿ. ತುಂಬಿದ ಕೈಗಾಡಿಗೂ ಅದಕ್ಕಿಂತ ಬಹಳ ಕಡಿದಾದದ್ದು ಆಗದು. ಹತ್ತಡಿ ತಗ್ಗಿಗೆ 120 ಅಡಿ ದಾರಿ ಬೇಕಾಗುತ್ತದೆ. ನಿಮ್ಮಲ್ಲಿರುವುದು 40. ಅಳತೆ ತೆಗೆದು ತಿಳಿಸಿ, ಮುಂದಿನದನ್ನು ನೋಡೋಣ.

ಕಳಸದ ಕಡೆಯ ಬೆಳೆಗಾರ

ಇಂಜಿನಿಯರ್ ಸಾಹೇಬರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ಹಿತ್ತಿಲಿನ ನಕ್ಷೆ ಬರೆಯುವುದಾದರೆ ಮೊದಲು ಮೆಟ್ಟಿಲನ್ನಲ್ಲ, ನೀರು ಹೋಗುವ ದಾರಿಯನ್ನು ಬರೆಯಿರಿ. ನಾವು ದಿನವೂ ಬಾಗಿಲಿನಿಂದ ಬಾವಿಗೆ ನೆಟ್ಟಗೆ ಇಳಿಯುತ್ತೇವೆ, ಮಳೆಯ ನೀರೂ ನೆಟ್ಟಗೇ ಇಳಿಯುತ್ತದೆ. ಕಾಲು ತುಳಿದು ತಗ್ಗಾದ ಜಾಗವೇ ಜೂನ್ ಬಂದೊಡನೆ ಹಳ್ಳವಾಗುತ್ತದೆ. ಆ ಜಾಗದಲ್ಲಿಯೇ ಮೆಟ್ಟಿಲು ಕಟ್ಟಿಸಿದರೆ ನೀವು ಕಟ್ಟಿಸಿದ್ದು ಮೆಟ್ಟಿಲಲ್ಲ, ಕಲ್ಲು ಹಾಸಿದ ಚರಂಡಿ.

ನಾನು ಮಾಡಿದ್ದು ಇದನ್ನೇ. ಹದಿನೈದು ವರ್ಷಗಳ ಹಿಂದೆ ಕಣದಿಂದ ಕೆಳಗಿನ ಕೊಟ್ಟಿಗೆಗೆ 6 ಅಡಿಯ ಗೋಡೆ ಕಟ್ಟಿಸಿ, ನಟ್ಟನಡುವೆ ಸಿಮೆಂಟಿನ ಮೆಟ್ಟಿಲು ಇಳಿಸಿದೆ. ಸೂರಿನ ನೀರನ್ನು ಎಲ್ಲಿಗೆ ಬಿಡಬೇಕೆಂದು ನಾನೂ ಕೇಳಲಿಲ್ಲ, ಕಟ್ಟಿದವರೂ ಹೇಳಲಿಲ್ಲ. ಎರಡನೆಯ ಮಳೆಗಾಲದಲ್ಲಿ ಗೋಡೆ ನಡುವಿನಲ್ಲಿ ಉಬ್ಬಿತು, ಮೂರನೆಯದರಲ್ಲಿ ಒಂದು ರಾತ್ರಿ ಇಡಿಯಾಗಿ ಮಲಗಿತು. ಬೆಳಗ್ಗೆ ಹೋಗಿ ನೋಡಿದರೆ ಗೋಡೆಗೆ ಇಟ್ಟಿದ್ದ ಎರಡೇ ಎರಡು ಪೈಪುಗಳು ಜೇಡಿಯಿಂದ ಕಟ್ಟಿಕೊಂಡಿದ್ದವು. ಅವುಗಳ ಹಿಂದೆ ಒಂದು ಬುಟ್ಟಿ ಜಲ್ಲಿಯೂ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. 1,200 ಚದರಡಿ ಸೂರಿನ ಮೇಲೆ ಒಂದು ದಿನ 4 ಇಂಚು ಮಳೆ ಬಿದ್ದರೆ ಹರಿಯುವ ನೀರು 11,000 ಲೀಟರ್ ಮೀರುತ್ತದೆ, ಅಂದರೆ ದೊಡ್ಡದೊಂದು ನೀರಿನ ಟ್ಯಾಂಕರು. ಅದರ ಅರ್ಧ ಹಿಂಬದಿಗೆ ಬೀಳುವುದಾದರೂ ಅರ್ಧ ಟ್ಯಾಂಕರ್ ನೀರನ್ನು ನೀವೇ ನಿಮ್ಮ ಗೋಡೆಯ ಬೆನ್ನಿಗೆ ಸುರಿದಂತಾಯಿತು. ಆಷಾಢದಲ್ಲಿ ನಾಲ್ಕಿಂಚಿನ ದಿನಗಳು ನಮಗೇನೂ ಅಪರೂಪವಲ್ಲ. 2019ರ ಆಗಸ್ಟ್‌ನಲ್ಲಿ ನಿಮ್ಮ ತಾಲ್ಲೂಕಿನಲ್ಲಿಯೇ ಗುಡ್ಡಗಳು ಕುಸಿದದ್ದನ್ನು ನೀವು ನನಗಿಂತ ಹತ್ತಿರದಿಂದ ನೋಡಿರುತ್ತೀರಿ. ಹಿತ್ತಿಲಿನ ಧರೆ (ಕಡಿದಾದ ಮಣ್ಣಿನ ಅಂಚು) ಅದಕ್ಕೆ ಹೋಲಿಸಿದರೆ ಚಿಕ್ಕದು, ಆದರೆ ಕುಸಿಯುವ ಕಾರಣ ಒಂದೇ: ಒಳಗೆ ಇಳಿದ ನೀರಿಗೆ ಹೊರಬರಲು ದಾರಿಯಿಲ್ಲದಿರುವುದು.

ಆದ್ದರಿಂದ ಸೂರಿಗೆ ದೋಣಿ ಹಾಕಿಸಿ, ಆ ನೀರನ್ನು ಪೈಪಿನಲ್ಲಿ ಹಿತ್ತಿಲಿನ ಒಂದು ಬದಿಗೆ ಒಯ್ದು, ಆ ಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕಲ್ಲು ಹಾಸಿದ ಕಾಲುವೆಯೊಂದನ್ನು ಮೊದಲು ಮಾಡಿಸಿ. ಪ್ರತಿ ಹಂತ ಇಳಿಯುವಲ್ಲಿ ಎರಡಡಿಯ ಗುಂಡಿ ಇದ್ದರೆ ನೀರಿನ ರಭಸ ಮುರಿಯುತ್ತದೆ, ಕೊಚ್ಚಿ ಬಂದ ಮಣ್ಣು ಅಲ್ಲಿಯೇ ನಿಲ್ಲುತ್ತದೆ. ತೋಟದಲ್ಲಿ ಮಳೆನೀರು ಇಂಗಲೆಂದು ತೊಟ್ಟಿಲು ಗುಂಡಿ ತೆಗೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಟ್ಟಿಲನ್ನು ಕಾಲುವೆಯ ಎದುರು ಬದಿಗೆ ಇಟ್ಟುಕೊಳ್ಳಿ.

ಮೂಡಿಗೆರೆ ಹಿತ್ತಿಲು

ಇಬ್ಬರಿಗೂ ಧನ್ಯವಾದಗಳು. ಭಾನುವಾರ ನಾನೂ ತಮ್ಮನೂ ಪೈಪು ಹಿಡಿದು ಅಳೆದೆವು. ಹೊಸ್ತಿಲಿನಿಂದ ಬಾವಿಕಟ್ಟೆಯ ನೆಲದವರೆಗೆ 9 ಅಡಿ 2 ಇಂಚು ತಗ್ಗು ಬಂದಿತು. ನನ್ನ ಅಂದಾಜು ಎರಡಡಿಯಷ್ಟು ತಪ್ಪಿತ್ತು. ಮೇಲಿನ 20 ಅಡಿಯಲ್ಲಿ ಇಳಿಜಾರು ಹೆಚ್ಚು, ಬಾವಿಯ ಕಡೆಗೆ ಸ್ವಲ್ಪ ಸಪಾಟು. ಪೂರ್ವದ ಬದಿಯಲ್ಲಿ ಮಳೆಗಾಲದಲ್ಲಿ ಒರತೆ ಏಳುತ್ತದೆ ಎಂಬುದನ್ನು ತಾಯಿಯವರು ನೆನಪಿಸಿದರು. ನಾನು ಇಷ್ಟು ವರ್ಷ ಅದನ್ನು ಬಚ್ಚಲ ನೀರೆಂದೇ ತಿಳಿದಿದ್ದೆ.

ಹಾಸನದ ನಿವೃತ್ತ ಇಂಜಿನಿಯರ್

ಒರತೆಯ ವಿಷಯ ತಿಳಿದದ್ದು ಬಹಳ ಒಳ್ಳೆಯದಾಯಿತು. ಹಾಗಿದ್ದರೆ ಕಾಲುವೆ ಪೂರ್ವಕ್ಕೆ, ಮೆಟ್ಟಿಲು ಪಶ್ಚಿಮಕ್ಕೆ. ಇದರಲ್ಲಿ ಎರಡನೆಯ ಯೋಚನೆ ಬೇಡ.

9 ಅಡಿ 2 ಇಂಚೆಂದರೆ 110 ಇಂಚು. ಮನೆಯೊಳಗಿನ ಮೆಟ್ಟಿಲಿಗೆ 6-7 ಇಂಚು ಎತ್ತರ ಕೊಡುವುದು ರೂಢಿ. ಹೊರಗೆ, ಅದರಲ್ಲಿಯೂ ಮಂಡಿನೋವಿರುವವರಿಗೆ, 5ರಿಂದ 6 ಇಂಚಿನೊಳಗೆ ಇರಬೇಕು. 110 ಇಂಚನ್ನು 20ರಿಂದ ಭಾಗಿಸಿದರೆ ಸರಿಯಾಗಿ ಐದೂವರೆ ಇಂಚು ಬರುತ್ತದೆ, ಇದು ನಿಮ್ಮ ಅದೃಷ್ಟ. ಕಾಲಿಡುವ ಅಗಲಕ್ಕೆ ಒಂದು ಹಳೆಯ ಸೂತ್ರವಿದೆ: ಎತ್ತರದ ಎರಡರಷ್ಟಕ್ಕೆ ಅಗಲವನ್ನು ಕೂಡಿಸಿದರೆ 24ರಿಂದ 26 ಇಂಚು ಆಗಬೇಕು, ಏಕೆಂದರೆ ಮನುಷ್ಯನ ಸಹಜ ಹೆಜ್ಜೆ ಅಷ್ಟಿರುತ್ತದೆ. 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್ ಹೇಳಿದ ಈ ಮಾತನ್ನು ಇಂದಿಗೂ ಯಾರೂ ಕೈಬಿಟ್ಟಿಲ್ಲ. ಐದೂವರೆಯ ಎರಡರಷ್ಟು 11, ಅದಕ್ಕೆ 14 ಇಂಚು ಅಗಲ ಕೊಟ್ಟರೆ 25. ನಿಮ್ಮ ಮೆಟ್ಟಿಲು ಇದೇ ಆಗಲಿ.

20 ಎತ್ತರಗಳನ್ನು ಏಳು, ಏಳು, ಆರು ಎಂದು ಮೂರು ಸಾಲು ಮಾಡಿಕೊಳ್ಳಿ. ಆಗ ಮೇಲಿನ ಎರಡು ಗೋಡೆಗಳು 38.5 ಇಂಚು, ಕೆಳಗಿನದು 33 ಇಂಚು ಎತ್ತರವಾಗುತ್ತವೆ. ಮೊದಲನೆಯ ಗೋಡೆ ಬಾಗಿಲಿನಿಂದ 9 ಅಡಿಗೆ, ಎರಡನೆಯದು ಅಲ್ಲಿಂದ 10 ಅಡಿಗೆ, ಮೂರನೆಯದು ಮತ್ತೆ 10 ಅಡಿಗೆ ಬಂದರೆ ಬಾವಿಯ ಬಳಿ 11 ಅಡಿ ಉಳಿಯುತ್ತದೆ. ಎರಡು ಗೋಡೆಗಳ ನಡುವಿನ ಅಂತರ ಕೆಳಗಿನ ಗೋಡೆಯ ಎತ್ತರದ ಎರಡರಷ್ಟಾದರೂ ಇರಬೇಕು, ಇಲ್ಲವಾದರೆ ಮೇಲಿನ ಗೋಡೆಯ ಭಾರ ಕೆಳಗಿನದರ ಹೆಗಲೇರುತ್ತದೆ, ನಾವು ಮೂರೆಂದು ತಿಳಿದದ್ದು ಮಣ್ಣಿನ ಲೆಕ್ಕದಲ್ಲಿ ಒಂದೇ ಗೋಡೆಯಾಗುತ್ತದೆ. ನಿಮ್ಮಲ್ಲಿ ಆರೂವರೆ ಅಡಿ ಬೇಕಿತ್ತು, 10 ಅಡಿ ಸಿಗುತ್ತಿದೆ.

ಮೆಟ್ಟಿಲಿನ ಸಾಲನ್ನು ನೆಟ್ಟಗೆ ಕೆಳಮುಖವಾಗಿ ಇಳಿಸದೆ ಗೋಡೆಗೆ ಸಮಾನಾಂತರವಾಗಿ ಇಳಿಸಿರಿ. ಏಳು ಎತ್ತರಕ್ಕೆ ಆರು ಹಾಸು (ಕಾಲಿಡುವ ಕಲ್ಲು; ಏಳನೆಯದು ಕೆಳಹಂತದ ನೆಲವೇ), ಅಂದರೆ ಸರಿಯಾಗಿ 7 ಅಡಿ ಉದ್ದ. ಮೊದಲ ಸಾಲು ಪೂರ್ವಕ್ಕೆ ಮುಖಮಾಡಿ ಇಳಿದರೆ ಎರಡನೆಯದು ಪಶ್ಚಿಮಕ್ಕೆ ತಿರುಗಲಿ. ಇಷ್ಟೆಲ್ಲ ಹಿತ್ತಿಲಿನ ಪಶ್ಚಿಮದ 12 ಅಡಿಯೊಳಗೇ ಮುಗಿಯುತ್ತದೆ, ಉಳಿದ ಅಗಲ ಗಿಡಗಳಿಗೆ. ಒಂದು ಎಚ್ಚರಿಕೆ: ಪ್ರತಿ ಹಂತದ ಮಣ್ಣಿಗೆ ಪೂರ್ವದ ಕಾಲುವೆಯ ಕಡೆಗೆ 100 ಅಡಿಗೆ 1 ಅಡಿಯಷ್ಟು ವಾಟ (ನೀರು ಹರಿಯುವಷ್ಟು ಇಳಿತ) ಕೊಡಬೇಕು, ಆದರೆ ಒಂದು ಸಾಲು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವ ಕಲ್ಲುಹಾಸಿನಲ್ಲಿ ಆ ವಾಟ ಬರಬಾರದು. ಬಂದರೆ ಮುಂದಿನ ಸಾಲಿನ ಮೊದಲ ಮೆಟ್ಟಿಲು ಒಂದಿಂಚು ಹೆಚ್ಚೋ ಕಡಿಮೆಯೋ ಆಗುತ್ತದೆ. ಹತ್ತೊಂಬತ್ತು ಮೆಟ್ಟಿಲು ಒಂದೇ ಎತ್ತರವಿದ್ದು ಇಪ್ಪತ್ತನೆಯದು ಮಾತ್ರ ಬೇರೆಯಾದರೆ ಎಡವುವುದು ಅಲ್ಲಿಯೇ. ಕಾಲು ಮೊದಲ ಎರಡು ಮೆಟ್ಟಿಲಿನಲ್ಲಿ ಅಳತೆ ಕಲಿತು, ಆಮೇಲೆ ಕಣ್ಣಿನ ಸಹಾಯವಿಲ್ಲದೆ ನಡೆಯುತ್ತದೆ.

ಗೋಡೆಯನ್ನು ಅಳತೆಗೆ ಕಡಿದ ಸೈಜುಗಲ್ಲಿನಲ್ಲಿ ಕಟ್ಟಿಸಿ. ಬುಡದಲ್ಲಿ 20 ಇಂಚು ದಪ್ಪ, ತಲೆಯಲ್ಲಿ 14-15 ಇಂಚು, ಮುಖ ಒಳಕ್ಕೆ ಸ್ವಲ್ಪ ವಾಲಿರಲಿ. ಪಾಯ ಒಂದೂವರೆ ಅಡಿ ಆಳಕ್ಕೆ, ಕಡಿದ ಗಟ್ಟಿ ನೆಲದ ಮೇಲೆಯೇ ಕೂರಬೇಕು, ತುಂಬಿಸಿದ ಮಣ್ಣಿನ ಮೇಲೆ ಕೂರಲೇಬಾರದು. ಬೆನ್ನಿಗೆ ಒಂದಡಿ ಅಗಲ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ, 5 ಅಡಿಗೊಂದರಂತೆ ಹೊರಕ್ಕೆ ವಾಟವಿರುವ 3 ಇಂಚಿನ ಪೈಪು. ಬೆಳೆಗಾರ ಮಿತ್ರರ ಗೋಡೆ ಮಲಗಿದ್ದು ಈ ಬಟ್ಟೆ ಮತ್ತು ಜಲ್ಲಿ ಇಲ್ಲದ್ದರಿಂದಲೇ. ಕಲ್ಲನ್ನು ಗಾರೆಯಿಲ್ಲದೆ ಒಣಕಟ್ಟಾಗಿ ಕಟ್ಟಬಲ್ಲ ಕೈ ಸಿಕ್ಕರೆ ಪೈಪಿನ ಗೊಡವೆಯೂ ಇಲ್ಲ. ನೀರು ಸಂದುಗಳಲ್ಲಿ ತಾನಾಗಿ ಬಸಿಯುತ್ತದೆ. ಆದರೆ ಅಂತಹ ಕೈಗಳು ಈಗ ಕಡಿಮೆ.

ಸಕಲೇಶಪುರದ ತೋಟದಾತ

ಇಷ್ಟೊಂದು ಕಲ್ಲು ಬೇಕೇ ಎಂಬುದು ನನ್ನ ಸಂಶಯ. ಹಿತ್ತಿಲೆಂದರೆ ಬಸ್ ನಿಲ್ದಾಣವಲ್ಲ. ಇಡೀ ಜಾಗವನ್ನು ಸಮತಟ್ಟು ಮಾಡಲೇಬೇಕೆಂಬ ಹಟ ಇತ್ತೀಚಿನದು. ಹಿಂದಿನವರು ಓಡಾಡುವಷ್ಟನ್ನು ಮಾತ್ರ ಸಮ ಮಾಡಿಕೊಂಡು ಉಳಿದದ್ದನ್ನು ಇಳಿಜಾರಾಗಿಯೇ ಬಿಡುತ್ತಿದ್ದರು. ನಮ್ಮ ಮನೆಯ ಹಿಂದೆ 8 ಅಡಿಯ ಧರೆಗೆ ನಾನು ಯಾವ ಗೋಡೆಯನ್ನೂ ಕಟ್ಟಿಸಿಲ್ಲ. ಧರೆಯನ್ನು ಹಿಂದಕ್ಕೆ ಓರೆಯಾಗಿ ತೆಗೆಸಿ, ಇಳಿಜಾರಿಗೆ ಅಡ್ಡಲಾಗಿ ಮೂರು ಸಾಲು ಲಾವಂಚ ನೆಟ್ಟೆ. ಬುಡದಿಂದ ಬುಡಕ್ಕೆ ಗೇಣಿಗಿಂತ ಹೆಚ್ಚು ಬಿಡಲಿಲ್ಲ. ಅದರ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಆಳಕ್ಕೆ, ಹತ್ತಡಿಯವರೆಗೂ ಇಳಿಯುತ್ತದೆ. ಮೇಲೆ ಬೇಲಿಯಂತೆ ಹೆಣೆದುಕೊಂಡ ಗರಿ ಕೊಚ್ಚಿ ಬರುವ ಮಣ್ಣನ್ನು ಹಿಡಿದು ತಾನೇ ಒಡ್ಡು ಕಟ್ಟಿಕೊಳ್ಳುತ್ತದೆ. ಮೊದಲ ವರ್ಷ ಸೋಗೆ, ದರಗು ಹೊದಿಸಿ ಕಾಪಾಡಿದ್ದೊಂದೇ ಕಷ್ಟ.

ಪ್ರಶ್ನೆ ಕೇಳಿದವರು ಮೂರನೆಯ ಗೋಡೆಯನ್ನು ಬಿಟ್ಟು, ಸಪಾಟಾಗಿರುವ ಕೆಳಭಾಗವನ್ನು ಲಾವಂಚಕ್ಕೆ ಒಪ್ಪಿಸಬಹುದು. ಮೆಟ್ಟಿಲು ಅದರ ಪಕ್ಕದಲ್ಲಿ ನೆಲಕ್ಕೆ ಅಂಟಿಕೊಂಡು ಇಳಿಯಲಿ. ಬಾಳೆಯನ್ನು ಮಾತ್ರ ಧರೆಯ ತುದಿಯಲ್ಲಿ ನೆಡಬೇಡಿ. ಬುಡ ದೊಡ್ಡದು, ಬೇರು ಮೇಲೆಯೇ ಉಳಿಯುತ್ತದೆ, ಗಾಳಿಗೆ ಉರುಳುವಾಗ ಒಂದು ಗಾಡಿ ಮಣ್ಣನ್ನು ಜೊತೆಗೆ ಕಿತ್ತುಕೊಂಡೇ ಹೋಗುತ್ತದೆ.

ಹಾಸನದ ನಿವೃತ್ತ ಇಂಜಿನಿಯರ್

ಒಪ್ಪಿದೆ, ಕೆಳಭಾಗದ ಮಟ್ಟಿಗೆ. ಅಲ್ಲಿಯ 33 ಇಂಚನ್ನು 10 ಅಡಿಯಲ್ಲಿ ಓರೆಯಾಗಿ ಬಿಟ್ಟರೆ ಲಾವಂಚ ಧಾರಾಳವಾಗಿ ಹಿಡಿಯುತ್ತದೆ, ಒಂದು ಗೋಡೆಯ ಖರ್ಚೂ ಉಳಿಯುತ್ತದೆ. ಆದರೆ ಮನೆಗೆ ತಾಗಿದ ಮೊದಲನೆಯದು ಕಲ್ಲಿನದೇ ಇರಲಿ, ಏಕೆಂದರೆ ಅದು ಹಿತ್ತಿಲನ್ನಷ್ಟೇ ಅಲ್ಲ, ಹಿಂಬದಿಯ ಪಾಯದ ಪಕ್ಕದ ಮಣ್ಣನ್ನೂ ಕಾಯುತ್ತದೆ.

ಬೇಲೂರು ರಸ್ತೆಯ ಗೃಹಿಣಿ

ಇಲ್ಲಿಯವರೆಗೆ ಮಣ್ಣು, ನೀರು, ಗೋಡೆಯ ಮಾತಾಯಿತು. ಮೆಟ್ಟಿಲಿಳಿಯುವ ಅಮ್ಮನವರ ಬಗ್ಗೆ ನಾನೊಂದಿಷ್ಟು ಹೇಳುತ್ತೇನೆ, ಏಕೆಂದರೆ ನಮ್ಮ ಅತ್ತೆಯವರಿಗಾಗಿ ಇದೇ ಕೆಲಸವನ್ನು ಎರಡು ವರ್ಷಗಳ ಹಿಂದೆ ಮಾಡಿಸಿದ್ದೇವೆ.

ಹಾಸುಗಲ್ಲಿಗೆ ಪಾಲಿಶ್ ಮಾಡಿದ ಗ್ರಾನೈಟನ್ನಾಗಲಿ ನುಣುಪಾದ ಟೈಲ್ಸನ್ನಾಗಲಿ ಹಾಕಿಸಲೇಬೇಡಿ. ಅಂಗಡಿಯಲ್ಲಿ ಒಣಗಿರುವಾಗ ಜಾರದ ಟೈಲ್ಸು ಜುಲೈ ತಿಂಗಳಿನಲ್ಲಿ ಹಾವಸೆ ಕಟ್ಟಿಕೊಂಡಾಗ ಸೋಪಿನಂತಾಗುತ್ತದೆ. ಉಳಿಯೇಟು ಕೊಟ್ಟು ಒರಟು ಮಾಡಿದ ಚಪ್ಪಡಿ ಕಲ್ಲೇ ಸರಿ. ಕಲ್ಲುಮೆಟ್ಟಿಲೆಂದರೆ ನಮ್ಮ ಜಿಲ್ಲೆಯವರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿ ನೆನಪಾಗುತ್ತದೆ. ಬಂಡೆಯಲ್ಲಿಯೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ವಯಸ್ಸಾದವರೂ ಬರಿಗಾಲಿನಲ್ಲಿ ಹತ್ತಿಳಿಯುತ್ತಾರೆ. ಆದರೆ ಅದು ಬಿಸಿಲಿಗೆ ಮೈಯೊಡ್ಡಿದ ಬೋಳು ಬಂಡೆ. ನಿಮ್ಮ ಹಿತ್ತಿಲಿನಲ್ಲಿ ಹಲಸಿನ ಮರದ ನೆರಳಿರುತ್ತದೆ, ಹಾವಸೆಗೆ ಅದೇ ತವರು. ವರ್ಷಕ್ಕೆರಡು ಬಾರಿ ತಂತಿಯ ಬ್ರಷ್ಷಿನಿಂದ ಉಜ್ಜಿಸುವುದು ತಪ್ಪದು. ಪ್ರತಿ ಹಾಸೂ ಮುಂಭಾಗಕ್ಕೆ ಕಾಲಿಂಚು ವಾಲಿರುವಂತೆ ಕೂರಿಸಿದರೆ ನೀರು ನಿಲ್ಲುವುದಿಲ್ಲ, ಹಾವಸೆಯೂ ಅಷ್ಟು ತಡವಾಗಿ ಬರುತ್ತದೆ.

ಹಿಡಿಕಂಬಿಯನ್ನು ಆಮೇಲೆ ನೋಡೋಣವೆಂದು ಬಿಟ್ಟಿರಿ ಜೋಕೆ. ನಾವು ಬಿಟ್ಟಿದ್ದೆವು. ಮೂರಡಿ ಎತ್ತರದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಕಂಬಗಳನ್ನು ಗೋಡೆ ಕಟ್ಟುವಾಗಲೇ ಕಲ್ಲಿನ ನಡುವೆ ಹೂತರೆ ಅಲುಗುವುದಿಲ್ಲ, ನಂತರ ಕೊರೆದು ಕೂರಿಸಿದರೆ ಸಡಿಲವಾಗುತ್ತದೆ. ಕಂಬಿ ಮೊದಲ ಮೆಟ್ಟಿಲಿಗಿಂತ ಒಂದಡಿ ಹಿಂದೆಯೇ ಆರಂಭವಾಗಿ, ಕೊನೆಯದಕ್ಕಿಂತ ಒಂದಡಿ ಮುಂದೆ ಮುಗಿಯಲಿ, ಏಕೆಂದರೆ ಕೈಗೆ ಆಸರೆ ಹೆಚ್ಚು ಬೇಕಾಗುವುದು ಇಳಿಯತೊಡಗುವ ಆ ಗಳಿಗೆಯಲ್ಲಿ. ಅಗಲ 4 ಅಡಿಯಿದ್ದರೆ ಒಬ್ಬರು ಪಕ್ಕದಲ್ಲಿ ಕೈಹಿಡಿದು ಇಳಿಯಬಹುದು. ಪ್ರತಿ ತಿರುವಿನಲ್ಲಿ ಕುಳಿತುಕೊಳ್ಳುವಷ್ಟು ಅಗಲದ ಕಲ್ಲೊಂದನ್ನು ಗೋಡೆಯ ತಲೆಗೆ ಹಾಕಿಸಿ. ನಮ್ಮ ಅತ್ತೆಯವರು ಮೆಟ್ಟಿಲಿಗಿಂತ ಆ ಕಲ್ಲನ್ನೇ ಹೆಚ್ಚು ಮೆಚ್ಚಿಕೊಂಡಿದ್ದಾರೆ. ಹೂಗಿಡಗಳೆಲ್ಲ ಬಾಗಿಲಿಗೆ ಹತ್ತಿರದ ಹಂತದಲ್ಲಿಯೇ ಇರಲಿ, ಕರಿಬೇವು, ನಿಂಬೆ ಕೆಳಗಿದ್ದರೂ ನಡೆಯುತ್ತದೆ.

ಕಳಸದ ಕಡೆಯ ಬೆಳೆಗಾರ

ಕೆಲಸದ ಕಾಲದ ಬಗ್ಗೆ ಒಂದು ಮಾತು. ಸುಗ್ಗಿ ಮುಗಿಯದೆ ಆಳುಗಳು ಸಿಗುವುದಿಲ್ಲ, ಫೆಬ್ರುವರಿ ಕೊನೆಗೆ ಆರಂಭಿಸಿದರೆ ಮೇ ಮಳೆಗೆ ಮುನ್ನ ಗೋಡೆ ಮತ್ತು ಕಾಲುವೆ ಮುಗಿಯಬೇಕು. ಮೆಟ್ಟಿಲಿನ ಚಪ್ಪಡಿಗಳನ್ನು ಈ ವರ್ಷ ಕೂರಿಸಬೇಡಿ. ತುಂಬಿಸಿದ ಮಣ್ಣನ್ನು ಅರ್ಧರ್ಧ ಅಡಿಗೊಮ್ಮೆ ನೀರು ಹಾಕಿ ದಮ್ಮಸ್ಸು ಮಾಡಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಇಂಚೆರಡಿಂಚು ಕುಗ್ಗುತ್ತದೆ. ಈ ಬಾರಿ ಜಲ್ಲಿಯ ಮೇಲೆ ಹಳೆಯ ಕಲ್ಲುಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು, ನೀರು ಎಲ್ಲೆಲ್ಲಿ ನಿಲ್ಲುತ್ತದೆ, ಒರತೆ ಎಲ್ಲಿ ಏಳುತ್ತದೆ ಎಂಬುದನ್ನೆಲ್ಲ ಕೊಡೆ ಹಿಡಿದು ನೋಡಿ ಗುರುತು ಹಾಕಿಕೊಳ್ಳಿ. ಬರುವ ಡಿಸೆಂಬರಿನಲ್ಲಿ ಚಪ್ಪಡಿ ಕೂರಿಸಿದರೆ ಮತ್ತೆ ಕೀಳಬೇಕಾಗುವುದಿಲ್ಲ.

ಮೂಡಿಗೆರೆ ಹಿತ್ತಿಲು

ಎಲ್ಲರ ಮಾತನ್ನೂ ಮೇಸ್ತ್ರಿಯವರಿಗೆ ಓದಿ ಹೇಳಿದೆ. ಒಂದೇ ಗೋಡೆಯನ್ನು ಬಿಡಲು ಅವರು ಒಪ್ಪಿದರು, ಜಲ್ಲಿಯ ಬೆನ್ನಿಗೆ ಬಟ್ಟೆ ಹಾಕುವುದನ್ನು ಕೇಳಿ ಮಾತ್ರ ನಕ್ಕರು. ಬಟ್ಟೆಯನ್ನು ನಾನೇ ತಂದುಕೊಡುತ್ತೇನೆಂದು ಹೇಳಿದ್ದೇನೆ. ನಿನ್ನೆ ಸಂಜೆ ಗೂಟ ನೆಟ್ಟು, ದಾರ ಕಟ್ಟಿ, ಮೊದಲ ಸಾಲಿನ ಜಾಗದಲ್ಲಿ ಐದೂವರೆ ಇಂಚಿನ ಎತ್ತರಕ್ಕೆ ಇಟ್ಟಿಗೆ ಜೋಡಿಸಿ ನಾಲ್ಕು ಮೆಟ್ಟಿಲನ್ನು ಮಾದರಿಗೆ ಮಾಡಿದೆವು. ತಾಯಿಯವರು ತಮ್ಮನ ಕೈಹಿಡಿದು ಎರಡು ಬಾರಿ ಇಳಿದು ಹತ್ತಿದರು. ಎತ್ತರ ಸರಿಯಿದೆಯಂತೆ. ಕುಳಿತುಕೊಳ್ಳುವ ಕಲ್ಲು ಮಾತ್ರ ಪಶ್ಚಿಮದ ತಿರುವಿನಲ್ಲಿ ಬೇಡ, ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಹಲಸಿನ ಮರದ ಬುಡಕ್ಕೆ ಬರಲಿ ಎಂದಿದ್ದಾರೆ. ಎರಡನೆಯ ಗೋಡೆಯನ್ನು ಅಲ್ಲಿಗೆ ಸೇರುವಂತೆ ಮೂರಡಿ ಬಾಗಿಸಿ, ದಾರವನ್ನು ಮತ್ತೆ ಕಟ್ಟಿದ್ದೇವೆ.